ಮುನಿಕೃಷ್ಣಪ್ಪನ ಸಾಣೆ ಮತ್ತು ಆರು ಎಳೆಯ ಕಲ್ಲು

ಮೇಚೇರಿಯ ಸಂತೆ ಬೀದಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಉಂಗುರ ಮಾಡುವುದು, ಅದಕ್ಕೆ ಕಲ್ಲು ಕೂರಿಸುವುದು ನನ್ನ ಕಸುಬು. ಆ ಕಲ್ಲಿಗೆ ಸಾಣೆ ಹಿಡಿದು ರೂಪ ಕೊಡುವವನು ಹಿಂದಿನ ಬೀದಿಯ ಮುನಿಕೃಷ್ಣಪ್ಪ ಮಾವ. ಎಪ್ಪತ್ತೆರಡು ವಯಸ್ಸು. ಕಣ್ಣಿನ ನರ ಸೋತು ನಾಲ್ಕು ವರ್ಷವಾಯಿತು. ಬೆಳಕು, ನೆರಳು ಬಿಟ್ಟರೆ ಅವನಿಗೆ ಏನೂ ಕಾಣದು. ಆದರೂ ಸಾಣೆ ಬಿಟ್ಟಿಲ್ಲ. ಇದು ಹುಚ್ಚಾಟ ಎಂದು ನಾನು ಅವನ ಮುಖದ ಮೇಲೇ ಹೇಳಿದ್ದುಂಟು.

ಕಳೆದ ವರ್ಷ ರಾಧಾ ಎಂಬ ಟೀಚರು ಅಂಗಡಿಗೆ ಬಂದಳು. ಹುಣಸೆಬೀಜಕ್ಕಿಂತ ಕೊಂಚ ದಪ್ಪದ, ಬೆಲ್ಲದ ಬಣ್ಣದ ಒಂದು ಮಂಕು ಕಲ್ಲನ್ನು ಮುಂದಿಟ್ಟಳು. ಅವಳ ತಾಯಿ ಸಿದ್ದಲಕ್ಷ್ಮಮ್ಮನಿಗೆ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವಾಗ ಸಿಕ್ಕಿದ್ದಂತೆ. ಸಾಯುವ ತನಕ ಎಲೆ-ಅಡಿಕೆ ಚೀಲದಲ್ಲೇ ಇಟ್ಟುಕೊಂಡಿದ್ದಳಂತೆ.

"ಅವ್ವಂದು ಅಂತ ಉಳಿದಿರೋದು ಇದೊಂದೇಣ್ಣ. ಉಂಗ್ರ ಮಾಡ್ಕೊಡಿ, ಇಂಗೆ ಪಳಪಳ ಅನ್ನಬೇಕು," ಎಂದು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ವಜ್ರದಂತೆ ಮುಖ ಮುಖವಾಗಿ ಕತ್ತರಿಸಿದ ಕಲ್ಲು. ಆಗಲಿ ಎಂದು ಅವಳನ್ನು ಮಾವನ ಮನೆಗೆ ಕರೆದುಕೊಂಡು ಹೋದೆ.

ಮಾವ ಕಲ್ಲನ್ನು ಅಂಗೈಯಲ್ಲಿ ಹೊರಳಿಸಿದ, ಹೆಬ್ಬೆರಳಿನಿಂದ ಸವರಿದ. ಆಮೇಲೆ ಅದರ ಮೇಲೆ ಒಂದು ತೊಟ್ಟು ಹರಳೆಣ್ಣೆ ಬಿಟ್ಟು ರಾಧಾಳ ಕೈಗೆ ಕೊಟ್ಟ.

"ಬಿಸ್ಲಿಗೆ ಹಿಡಿ ತಾಯೀ. ಮೆಲ್ಲಗೆ ತಿರುಗ್ಸು. ಎಣ್ಣೆ ಒಳಗೆ ಬೆಳ್ಳಗೆ ಎಳೆ ಏನಾರ ಓಡ್ತಾವಾ?"

ಅವಳು ತಿರುಗಿಸುತ್ತಾ ಹೋದಳು. ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, "ಓಡ್ತಾವೆ ತಾತಾ! ಒಂದ್ಕಡೆ ಎಲ್ಲಾ ಕೂಡ್ತಾವೆ," ಎಂದಳು.

"ಒಳಗೆ ನಚ್ಚತ್ತಿರ ಮಲಗೈತೆ. ಮುಖ ಕತ್ತರಿಸಿದ್ರೆ ಸತ್ತೋಯ್ತದೆ. ಗುಮ್ಮಟದಂಗೆ ದುಂಡಗೆ ಮಾಡಿದ್ರೇ ಅದು ಏಳೋದು. ಆ ಎಳೆ ಕೂಡೋ ಜಾಗ ಸರಿಯಾಗಿ ನೆತ್ತಿಗೆ ಬರಬೇಕು." ನಕ್ಷತ್ರ ಅವನ ಬಾಯಲ್ಲಿ ನಚ್ಚತ್ತಿರ.

ನನಗೆ ತಲೆ ಕೆಟ್ಟಿತು. "ಕಣ್ ಕಾಣ್ದೆ ಎಂಗೆ ಮಾಡ್ತೀಯ ಮಾವ? ಕೆಟ್ರೆ ಇನ್ನೊಂದು ಕಲ್ಲು ಎಲ್ಲೈತೆ?"

"ಕೈಗೆ ಕಣ್ಣು ಬೇಡ ಲೇ ಶಂಕರಾ. ನಚ್ಚತ್ತಿರಕ್ಕೆ ಬೇಕು. ಅದಕ್ಕೆ ಈ ಮಗ ಐತಲ್ಲ," ಎಂದು ಮಾವ ರಾಧಾಳತ್ತ ಕೈ ಮಾಡಿದ.

ರಾಧಾ ನನ್ನ ಮುಖ ನೋಡಲಿಲ್ಲ. ಎಳೆ ಕೂಡಿದ ಜಾಗಕ್ಕೆ ಮಾವನ ವಜ್ರದ ಮೊನೆಯ ಸೂಜಿಯಲ್ಲಿ ಗೀರು ಹಾಕಿದಳು. ಮಾವ ಆ ಗೀರನ್ನು ಉಗುರಿನಿಂದ ಹುಡುಕಿಕೊಂಡು, ಕಲ್ಲನ್ನು ಅರಗಿನಿಂದ ಕಡ್ಡಿಯ ತುದಿಗೆ ಅಂಟಿಸಿ, ತಿರುಗುವ ಸಾಣೆಗೆ ಒಡ್ಡಿದ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಿದ್ದ. ಬೆರಳಿಗೆ ಸಿಗದ ಉಬ್ಬು-ತಗ್ಗು ನಾಲಿಗೆಗೆ ಸಿಗುತ್ತದಂತೆ. ಇಪ್ಪತ್ತು ವರ್ಷದ ಒಡನಾಟದಲ್ಲಿ ನಾನು ಇದನ್ನು ಒಮ್ಮೆಯೂ ಗಮನಿಸಿರಲಿಲ್ಲ.

ಸಂಜೆ ಕಲ್ಲನ್ನು ಬಿಸಿಲಿಗೆ ಹಿಡಿದು ನೋಡಿದೆ. ಆ ಮಂಕು ಕಲ್ಲಿನ ಮೇಲೆ ಆರು ಬೆಳ್ಳಿ ಎಳೆಗಳು! ಕೈ ಅಲ್ಲಾಡಿಸಿದರೆ ಅವೂ ಅಲ್ಲಾಡುತ್ತಿದ್ದವು. ಇಂಥದ್ದನ್ನು ಒಂದು ಹೆಂಗಸು ಎಲೆ-ಅಡಿಕೆ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಕಳೆ ಕಿತ್ತಿದ್ದಳಲ್ಲ!

"ನಟ್ಟನಡುವೆ ಐತಾ?" ಎಂದ ಮಾವ.

ಎಳೆಗಳು ಕೂಡುವ ಜಾಗ ಒಂದು ಕೂದಲೆಳೆಯಷ್ಟು ಪಕ್ಕಕ್ಕಿತ್ತು. "ಐತೆ, ಸಾಕು ಬಿಡು ಮಾವ," ಎಂದು ನಾನು ಸುಳ್ಳು ಹೇಳಿದೆ. ಇನ್ನೂ ಉಜ್ಜಿದರೆ ಕಲ್ಲು ಸವೆಯುತ್ತದೆ, ಒಡೆದರೂ ಒಡೆಯಬಹುದು ಎಂಬ ಭಯ ನನಗೆ.

"ನೀನಲ್ಲ. ಮಗ ಹೇಳ್ಲಿ."

ರಾಧಾಳ ಕಣ್ಣು ತುಂಬಿತ್ತು. "ಕೊಂಜ ಓರೆ ಐತೆ ತಾತ. ಕಲ್ಲು ಚಿಕ್ಕದಾದ್ರೂ ಪರವಾಗಿಲ್ಲ."

ಮಾರನೆಯ ದಿನ ಅವನು ಮತ್ತೆ ಸಾಣೆಗೆ ಕೂತ. ಕಾಲು ಭಾಗ ಕಲ್ಲು ಕೆಂಪು ಕೆಸರಾಗಿ ಹರಿದುಹೋಯಿತು. ನನಗೆ ನೋಡಲಾಗದೆ ಜಗುಲಿಗೆ ಬಂದು ಕೂತೆ. ಮಧ್ಯಾಹ್ನ ಒಳಗಿಂದ ರಾಧಾ ಕೂಗಿದಾಗ ಓಡಿಹೋದೆ. ನಕ್ಷತ್ರ ನೆತ್ತಿಗೆ ಬಂದಿತ್ತು.

ಮಾವ ಕಲ್ಲನ್ನು ಮುಖದ ಹತ್ತಿರ ತಂದು ಬಿಸಿಲಿಗೆ ತಿರುಗಿಸಿ ನೋಡಿದ, ಮತ್ತೆ ತಿರುಗಿಸಿದ. "ನಂಗೆ ಕೆಂಪಗೆ ನೆರಳಷ್ಟೇ ಕಾಣ್ತದೆ," ಎಂದ.

ರಾಧಾ ಅವನ ತೋರುಬೆರಳು ಹಿಡಿದು ಕಲ್ಲಿನ ನೆತ್ತಿಯ ಮೇಲಿಟ್ಟಳು. ಅಲ್ಲಿಂದ ಒಂದೊಂದು ಎಳೆಯ ಮೇಲೂ ಮೆಲ್ಲಗೆ ಕೆಳಗಿಳಿಸಿದಳು. ಒಂದು, ಎರಡು ಎಂದು ಅವನು ಎಣಿಸುತ್ತಾ ಹೋದ. ಆರು ಮುಗಿದ ಮೇಲೆ ಅವಳು ಕೈ ಬಿಟ್ಟಳು. ಅವನು ಬೆರಳನ್ನು ತಾನೇ ನೆತ್ತಿಗೆ ತಂದು, ಮೊದಲಿನಿಂದ ಮತ್ತೆ ಎಣಿಸತೊಡಗಿದ.