ಜಗದೇವನ ಹೆಬ್ಬೆರಳಿನ ಉಗುರು

ಜಗದೇವನ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ಉದ್ದ ಇರುತ್ತಿತ್ತು. ರಜೆಯ ಮೇಲೆ ಅತನೂರಿಗೆ ಬಂದಾಗ ನಳದ ಹತ್ತಿರ ನಿಂತ ಹೆಂಗಸರು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

"ಏನಲೇ ಜಗದೇವ, ಮಿಲಿಟರಿಯಾಗ ಒಂದೇ ಉಗುರಿಗೆ ಬಣ್ಣ ಕೊಡ್ತಾರೇನು?"

"ಇದು ಸರ್ಕಾರಿ ಉಗುರು ಬೇ ಯಕ್ಕಾ. ಕಡದ್ರ ನೌಕರಿ ಹೋಗ್ತದ."

ಅದು ಪೂರ್ತಿ ತಮಾಷೆಯಲ್ಲ. ಅವನು ವಾಯುಪಡೆಯಲ್ಲಿ ಯುದ್ಧವಿಮಾನಗಳ ಎಂಜಿನ್ ನೋಡಿಕೊಳ್ಳುವ ಫಿಟರ್ ಆಗಿದ್ದ. ನಾವಿಬ್ಬರೂ ಅಫಜಲಪುರದಲ್ಲಿ ಪಿಯುಸಿ ಒಟ್ಟಿಗೆ ಓದಿದೆವು. ನಾನು ಜೇವರ್ಗಿಯಲ್ಲಿ ಹೈಸ್ಕೂಲು ಮಾಸ್ತರನಾದೆ. ಅವನು ೧೯೯೮ರಲ್ಲಿ ಭರ್ತಿಯಾಗಿ ಹೋದ. ಅವನ ಅಪ್ಪ ದತ್ತಪ್ಪ ಕಾಕಾ ಮಂದಿಯ ಹೊಲದಲ್ಲಿ ಕೂಲಿ ಮಾಡಿ, ಮಗನ ಸಮವಸ್ತ್ರದ ಫೋಟೋ ನೋಡುವಷ್ಟು ಕಾಲ ಬದುಕಿದ.

ಒಮ್ಮೆ ಅವರ ಮನೆಯಲ್ಲಿ ಕುಡುಗೋಲು ಹಿಡಿದು ನನಗೆ ತನ್ನ ಕೆಲಸ ವಿವರಿಸಿದ. ಜೆಟ್ ಎಂಜಿನ್ನಿನ ಬಾಯಲ್ಲಿ ಗಾಳಿಯನ್ನು ಒಳಗೆಳೆಯುವ ಅಲಗುಗಳು ಸುತ್ತಲೂ ಸಾಲಾಗಿ ನಿಂತಿರುತ್ತವೆ. ರನ್‌ವೇಯ ಒಂದು ಹರಳು ಹಾರಿ ಬಂದರೂ ಅಲಗಿನ ಅಂಚಿನಲ್ಲಿ ಕಚ್ಚು ಬೀಳುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಆ ಕಚ್ಚಿನಿಂದ ಬಿರುಕು ಹೊರಡುತ್ತದೆ. ಒಂದು ಅಲಗು ಮುರಿದರೆ ಸಾಕು, ಹಿಂದಿನ ಸಾಲುಗಳನ್ನೆಲ್ಲ ಅದೇ ಕಡಿದು ಹಾಕುತ್ತದೆ. ಆದ್ದರಿಂದ ಅವನು ಜೇಬು ಖಾಲಿ ಮಾಡಿ, ಉಂಗುರ ಬಿಚ್ಚಿಟ್ಟು, ಬ್ಯಾಟರಿ ಹಿಡಿದು ವಿಮಾನದ ಗಾಳಿಕೊಳವೆಯೊಳಗೆ ತೆವಳಿ ಹೋಗುತ್ತಿದ್ದ. ಒಂದೊಂದೇ ಅಲಗಿನ ಅಂಚಿಗೆ ಹೆಬ್ಬೆರಳಿನ ಉಗುರು ಹಚ್ಚಿ ಬುಡದಿಂದ ತುದಿಯವರೆಗೆ ಎಳೆಯುತ್ತಿದ್ದ.

"ನೋಡು ಮಾಸ್ತರ," ಎಂದು ಕುಡುಗೋಲಿನ ಬಾಯಿಗೆ ನನ್ನ ಉಗುರನ್ನೇ ಹಿಡಿದು ಎಳೆಸಿದ. "ಇಲ್ಲಿ ತಡೀತು, ಹೌದಲ್ಲ? ಕಣ್ಣಿಗಿ ಏನೂ ಕಾಣಂಗಿಲ್ಲ. ಉಗುರು ಸುಳ್ಳ ಹೇಳಂಗಿಲ್ಲ."

ಇಂಥ ಕಚ್ಚು ಸಿಕ್ಕರೆ, ಪುಸ್ತಕದಲ್ಲಿ ಹೇಳಿದ ಅಳತೆಯೊಳಗಿದ್ದರೆ, ಸಣ್ಣ ಅರದಿಂದ ಉಜ್ಜಿ ನುಣುಪು ಮಾಡಿ ಸಹಿ ಹಾಕುವುದು. ಅಳತೆ ಮೀರಿದ್ದರೆ ಎಂಜಿನ್ನನ್ನೇ ಕೆಳಗಿಳಿಸುವುದು. ಅವನ ಸಹಿಯ ಕೆಳಗೆ ಮೇಲಿನವನೊಬ್ಬ ತಾನೂ ನೋಡಿ ಸಹಿ ಹಾಕಬೇಕು. ಆದರೆ ಜಗದೇವನ ಉಗುರಿಗೆ ಎಂಥ ಹೆಸರು ಬಂದಿತ್ತೆಂದರೆ, ಅವನು ನೋಡಿದ್ದನ್ನು ಯಾರೂ ಮತ್ತೆ ನೋಡುತ್ತಿರಲಿಲ್ಲ.

೨೦೧೫ರ ಬೇಸಿಗೆಯಲ್ಲಿ ಅವನ ತಾಯಿ ಮರೆಮ್ಮ ತೀರಿಕೊಂಡಳು. ದತ್ತಪ್ಪ ಕಾಕಾ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಆ ಮನೆಯಲ್ಲಿ ಬುದ್ಧವಂದನೆ ಹೇಳಿ ಮಣ್ಣು ಮಾಡುತ್ತಿದ್ದರು. ತಲೆ ಬೋಳಿಸುವುದು, ಉಗುರು ತೆಗೆಸುವುದು ಎಲ್ಲ ನಿಂತುಹೋಗಿತ್ತು. ಆದರೆ ಮರೆಮ್ಮನ ತಮ್ಮ ಮಾಳಿಂಗ ಮಾವ ಹಳೆಯ ಪದ್ಧತಿ ಬಿಟ್ಟವನಲ್ಲ. ಮೂರನೆಯ ದಿನ ಬ್ಲೇಡು ಹಿಡಿದು ಅಳಿಯನ ಮುಂದೆ ಕುಳಿತ.

"ಅವ್ವ ಸತ್ತಾಳ. ಉಗುರು ಬೆಳಸ್ಕೊಂಡು ಕೂಡ್ತಿ ಏನಲೇ? ಕೊಡು ಕೈ."

"ಮಾವಾ, ಅದೊಂದು ಬಿಡು."

"ಹೆತ್ತಾಕಿಗಿಂತ ಉಗುರು ದೊಡ್ಡದಾತೇನಲೇ ನಿನಗ?"

ನಾನು ಪಕ್ಕದಲ್ಲೇ ಇದ್ದೆ. ಜಗದೇವ ಕೈ ಕೊಟ್ಟ. ಅಕ್ಕನ ಮೇಲಿನ ಪ್ರೀತಿಯಿಂದ ಮಾಳಿಂಗ ಮಾವ ಹತ್ತೂ ಉಗುರುಗಳನ್ನು ಚರ್ಮ ಕಾಣುವವರೆಗೆ ತೆಗೆದ.

ಮುಂದಿನದನ್ನು ನಾನು ಕೇಳಿದ್ದು ಎಂಟು ವರ್ಷಗಳ ನಂತರ.

ರಜೆ ಮುಗಿಸಿ ಹೋದ ಮರುದಿನ ಬೆಳಿಗ್ಗೆ ಒಬ್ಬ ತರುಣ ಪೈಲಟ್ ಹಾರಾಟದಿಂದ ಇಳಿದು, ವೇಗ ಹೆಚ್ಚಿಸುವಾಗ ಎಂಜಿನ್ 'ಧಡ್' ಎಂದಂತಾಯಿತು ಎಂದು ಬರೆದ. ಜಗದೇವ ನೆಲದ ಮೇಲೆಯೇ ಎಂಜಿನ್ ಓಡಿಸಿ ನೋಡಿದ. ಎರಡು ಸಲವೂ ಸದ್ದಿಲ್ಲ. ಆಮೇಲೆ ಒಳಗೆ ತೆವಳಿದ. ಒಂದು ಅಲಗಿನಲ್ಲಿ ಕಣ್ಣಿಗೆ ಕಾಣುವ ಕಚ್ಚಿತ್ತು. ಅಳತೆಯೊಳಗೇ ಇತ್ತು, ಉಜ್ಜಿದ. ಉಳಿದವಕ್ಕೆ ಹೆಬ್ಬೆರಳು ಹಚ್ಚಿದಾಗ ಉಗುರಿರಲಿಲ್ಲ, ಬರೀ ಮೆತ್ತನೆಯ ಚರ್ಮ. ಹೊರಗೆ ಬಂದು ಬೇರೊಬ್ಬನನ್ನು ಕಳಿಸಬಹುದಿತ್ತು. ಇಷ್ಟು ವರ್ಷ ಹೆಸರು ಮಾಡಿದವನು 'ನನಗೆ ಉಗುರಿಲ್ಲ, ನೀನು ನೋಡು' ಎನ್ನಲು ನಾಚಿದ. ಬೆರಳಿನಿಂದಲೇ ಎಲ್ಲವನ್ನೂ ಸವರಿ ಸಹಿ ಹಾಕಿದ. ಕೆಳಗಿನ ಸಹಿಯೂ ಬಿತ್ತು.

ಆರನೆಯ ದಿನ ಆ ವಿಮಾನ ನೆಲ ಬಿಟ್ಟು ಸ್ವಲ್ಪ ಹೊತ್ತಿಗೇ ಬಿತ್ತು. ಒಳಗಿದ್ದವನು ಅದೇ ತರುಣ ಪೈಲಟ್, ಹೊರಗೆ ಜಿಗಿಯಲಾಗಲಿಲ್ಲ. ಹುಡುಗನಿಗೆ ಇಪ್ಪತ್ತಾರು ವರ್ಷ. ಅವನ ಹೆಸರನ್ನು ಜಗದೇವ ಒಮ್ಮೆಯೂ ಉಚ್ಚರಿಸಲಿಲ್ಲ, ನಾನೂ ಬರೆಯುವುದಿಲ್ಲ.

ವಿಚಾರಣೆ ನಡೆಯಿತು. ರೇಡಿಯೋದಲ್ಲಿ ದಾಖಲಾದ ಹುಡುಗನ ಕೊನೆಯ ಮಾತನ್ನೂ ಅಲ್ಲಿ ಕೇಳಿಸಿದರು. ಅವಶೇಷದಲ್ಲಿ ಹಕ್ಕಿಯ ಗುರುತು ಸಿಕ್ಕಿತ್ತು. ಮೊದಲ ಸಾಲಿನ ಅಲಗುಗಳು ಮುರಿದಿದ್ದವು. ಹಕ್ಕಿ ಬಡಿದು ಮುರಿದವೋ, ಮೊದಲೇ ಒಂದು ಮುರಿಯಲು ಕಾದಿತ್ತೋ, ಸುಟ್ಟ ಲೋಹ ಹೇಳಲಿಲ್ಲ. ಹಕ್ಕಿಯೇ ಕಾರಣ ಎಂದು ಬರೆದರು. ಜಗದೇವನ ತಪ್ಪಿಲ್ಲ ಎಂದೂ ಬರೆದರು.

"ಎಲ್ಲಾ ಕೇಳಿದ್ರು ಮಾಸ್ತರ. ಅರ ಯಾವುದು, ಬ್ಯಾಟರಿ ಯಾವುದು, ಎಷ್ಟು ಹೊತ್ತು ಒಳಗಿದ್ದಿ ಅಂತ. ಉಗುರಿನ ಬಗ್ಗೆ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ."

ಇದನ್ನು ಅವನು ನನಗೆ ಹೇಳಿದ್ದು ೨೦೨೩ರಲ್ಲಿ. ಅಷ್ಟರಲ್ಲಿ ನಿವೃತ್ತನಾಗಿ ಬಂದು ಐದು ವರ್ಷವಾಗಿತ್ತು. ಆಳಂದದಲ್ಲಿ ಐಟಿಐ ಹುಡುಗರಿಗೆ ಪಾಠ ಹೇಳುತ್ತಿದ್ದ. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಇನ್ನು ಕೆಲವೇ ತಿಂಗಳು ಎಂದು ಡಾಕ್ಟರರು ಹೇಳಿದ್ದರು. ಅವನಿಗೆ ಬೇಕಾಗಿದ್ದದ್ದು ಒಂದೇ: ಸಾಯುವ ಮೊದಲು ಆ ಹುಡುಗನ ತಾಯಿಗೆ ಈ ಮಾತು ಹೇಳಬೇಕು. ಆಕೆ ಅಕ್ಕಲಕೋಟದ ಕಡೆಯ ಹಳ್ಳಿಯವಳು, ಹೊಲಮನೆಯ ಹೆಣ್ಣುಮಗಳು, ಹೆಸರು ಶಿವಕಾಂತಾ. 'ನಮ್ಮವ್ವ ಹುಣ್ಣಿವಿಗೆ ನಿಮ್ಮ ಗಾಣಗಾಪುರಕ್ಕ ಬರ್ತಾಳ' ಎಂದು ಹುಡುಗನೇ ಒಮ್ಮೆ ಹೇಳಿದ್ದನಂತೆ.

ಹೆಂಡತಿ ಪಲ್ಲವಿ ಬೇಡ ಎಂದಳು. ನಾನೂ ಬೇಡ ಎಂದೆ. ಆದರೂ ಮೂರು ಹುಣ್ಣಿಮೆ ಅವನನ್ನು ಕರೆದೊಯ್ದೆ. ಮೂರನೆಯ ಸಲ, ಆಕೆ ಇಳಿದುಕೊಳ್ಳುವ ಲಾಡ್ಜಿನ ಮಾಲೀಕ ಬಸವಂತರಾಯ ಪಡಸಾಲೆಯಲ್ಲಿ ಕುಳಿತಿದ್ದ ಮುದುಕಿಯನ್ನು ತೋರಿಸಿದ. ಆಕೆ ದತ್ತನ ಗುಡಿಯ ಹರಕೆಗೆಂದು ಭಿಕ್ಷೆ ಬೇಡಿ ತಂದ ಮಾಧುಕರಿಯ ರೊಟ್ಟಿಯನ್ನು ಸೆರಗಿನಲ್ಲಿಟ್ಟುಕೊಂಡು ತಿನ್ನುತ್ತಿದ್ದಳು.

ಜಗದೇವ ನೆಲದ ಮೇಲೆ ಕುಳಿತು ಎಲ್ಲ ಹೇಳಿದ. ಉಗುರಿನಿಂದ ಸಹಿಯವರೆಗೆ. ಮಾವ ಕತ್ತರಿಸಿದ್ದನ್ನು ಮಾತ್ರ 'ನನ್ನ ಉಗುರು ಹೋಗಿತ್ತು' ಎಂದಷ್ಟೇ ಹೇಳಿದ. ಆಕೆ ರೊಟ್ಟಿ ಕೆಳಗಿಟ್ಟಳು.

"ಅವಗ ತಿಳಿದಿತ್ತೇನು, ಬೀಳಾಕತ್ತೇನಿ ಅಂತ?"

"ತಿಳಿದಿತ್ತು, ಅವ್ವಾರ."

"ಎಷ್ಟೊತ್ತು?"

ಇಲ್ಲಿ ಅವನು ಸುಳ್ಳು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಒಂಬತ್ತು ಸೆಕೆಂಡ್."

ಆಕೆ ತುಟಿಯಲ್ಲೇ ಒಂದರಿಂದ ಒಂಬತ್ತರವರೆಗೆ ಎಣಿಸಿದಳು. ಎಣಿಸಿ ಮುಗಿಸಲು ಬಹಳ ಹೊತ್ತು ಹಿಡಿಯಿತು.

"ಅವರೆಲ್ಲಾ ಹಕ್ಕಿ ಅಂದ್ರು. ಹಕ್ಕಿಗಿ ಏನ್ ಅನ್ನಲಿ? ಎಂಟು ವರ್ಷ ಇಲ್ಲಿಗಿ ಬಂದು ಈ ದತ್ತಗ ಬೈದು ಹೋಗ್ತಿದ್ದೆ. ಇನ್ನ ಮ್ಯಾಲ ನಿನಗ ಬೈಲಾ?"

"ಬೈರಿ."

"ನಿನ್ನ ಮಾರಿ ನೋಡಿದ್ರ ನೀ ಬರೋ ಹುಣ್ಣಿವಿ ಕಾಣಂಗಿಲ್ಲ. ಆಮ್ಯಾಲ ಯಾರಿಗಿ ಬೈಲಿ?" ಆಕೆ ಎದ್ದು ಸೆರಗು ಝಾಡಿಸಿದಳು. "ನೀ ಹಗುರ ಆಗಾಕ ಬಂದಿ. ಆಗಿದ್ರ ಹೋಗು, ತಮ್ಮಾ. ಮತ್ತ ಇಲ್ಲಿ ಬರಬ್ಯಾಡ."

ಬರುವಾಗ ದಾರಿಯಲ್ಲಿ ಅವನು ಹೇಳಿದ.

"ಹಗುರ ಆಗಲಿಲ್ಲ ಮಾಸ್ತರ. ಆಕಿಗೂ ಅರ್ಧ ಹೊರಿಸಿ ಬಂದೆ." ಊರು ಹತ್ತಿರವಾದಾಗ, "ಮಾಳಿಂಗ ಮಾವಗ ಮಾತ್ರ ಗೊತ್ತಾಗಬಾರದು. ಮುದುಕ ಎದಿ ಒಡಕೊಂಡು ಸಾಯ್ತಾನ."

ಆಕೆ ಹೇಳಿದಂತೆಯೇ ಆಯಿತು. ಮುಂದಿನ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಜಗದೇವ ತೀರಿಕೊಂಡ. ನಲವತ್ತನಾಲ್ಕು ವರ್ಷ.

ಮೈ ತೊಳೆಯುವಾಗ ಮಾಳಿಂಗ ಮಾವ ಬ್ಲೇಡು ತಂದ. ಎಂಬತ್ತು ದಾಟಿದ ಕೈ ನಡುಗುತ್ತಿತ್ತು. ಗಡ್ಡ ತೆಗೆದ. ಆಮೇಲೆ ಬಲಗೈ ಎತ್ತಿಕೊಂಡ. ಎಂಟು ವರ್ಷ ಯಾರಿಗೂ ಮುಟ್ಟಗೊಡದೆ ಕಾಯ್ದ ಉಗುರು, ಹಳದಿಯಾಗಿ, ಬೆರಳಿನಾಚೆ ಚಾಚಿತ್ತು.

"ಮಾವಾ, ಅದೊಂದು ಬಿಡ್ರಿ," ಎಂದಳು ಪಲ್ಲವಿ.

"ಯಾಕ ಬೇ?"

ಪಲ್ಲವಿ ನನ್ನ ಕಡೆ ನೋಡಿದಳು. ನನಗೆ ಲಾಡ್ಜಿನ ಪಡಸಾಲೆ ನೆನಪಾಯಿತು.

"ಅದು ಅವನ ಕೆಲಸದ ಉಗುರು ಮಾವಾ," ಎಂದೆ.

"ಕೆಲಸ ಮುಗೀತಲ್ಲೋ ಮಾಸ್ತರ. ಅವರವ್ವ ಸತ್ತಾಗೂ ಹಿಂಗೇ ಹಟ ಮಾಡಿದ್ದ, ನೋಡಿಲ್ಲೇನು ನೀ? ನಾ ಬಿಡಲಿಲ್ಲ."

ಕೈ ನಡುಗಿ ಚರ್ಮಕ್ಕೆ ತಾಕೀತೆಂದು ಜಗದೇವನ ಹೆಬ್ಬೆರಳನ್ನು ನಾನೇ ಗಟ್ಟಿಯಾಗಿ ಹಿಡಿದುಕೊಂಡೆ. ಮಾವ ಕತ್ತರಿಸಿದ.

ಇದನ್ನು ಇಷ್ಟು ದಿನ ಬರೆಯಲಿಲ್ಲ. ಮಾಳಿಂಗ ಮಾವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಓದಿ ಹೇಳುವವರು ಊರಲ್ಲಿ ಇದ್ದರು. ಕಳೆದ ತಿಂಗಳು ಅವನನ್ನೂ ಮಣ್ಣು ಮಾಡಿ ಬಂದೆವು.