ಕಾಕಾ ಬಿಟ್ಟ ನೀರು

ಅವರ ಎರಡೂ ಅಂಗೈಗಳಲ್ಲಿ, ಬೆರಳುಗಳ ಬುಡಕ್ಕೆ, ಹುಣಸೆಬೀಜ ಅಂಟಿಸಿದಂತೆ ಜಡ್ಡುಗಟ್ಟಿತ್ತು. ಗೇಟಿನ ಚಕ್ರ ತಿರುಗಿಸಿ ತಿರುಗಿಸಿ ಬಂದ ಜಡ್ಡು. ಕಕ್ಕೇರಾ ಕಡೆಯ ಕಾಲುವೆಯೊಂದರ ಗೇಟು ಏರಿಸಿ ಇಳಿಸುವುದು ಅವರ ಕೆಲಸ. ನನಗೆ ಈಜು ಕಲಿಸಿದ್ದು ಕೆಲಸದ ಹೊರಗಿನ ಹುಚ್ಚು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ನಾನು ಈಜುವಾಗ ಅವರು ದಂಡೆಯ ಮೇಲೆ ಸೈಕಲ್ ತುಳಿಯುತ್ತ ಜೊತೆಗೆ ಬರುತ್ತಿದ್ದರು.

“ಏ ತಂಗಿ, ನೀರಾಗ ಮಕ್ಕೊಂಡಿ ಏನು? ಎಮ್ಮಿ ಸುದ್ದಾ ನಿನ್ನ ಹಿಂದ ಹಾಕ್ತದ. ಕೈ ಒಗಿ!”

“ಹಂಗಾರ ಎಮ್ಮೀನ ಕಳಸ್ರಿ ರೇಸಿಗೆ.”

“ಅದರದು ಆಧಾರ್ ಕಾರ್ಡ್ ಇಲ್ಲಲ್ಲವ್ವಾ.”

ರೇಸೆಂದರೆ ದೂರದ ಜಲಾಶಯವೊಂದರಲ್ಲಿ ಹದಿನೈದು ಕಿಲೋಮೀಟರ್. ಐದು ತಾಸಿನೊಳಗೆ ಮುಟ್ಟಬೇಕು. ಅಲ್ಲಿ ನೀರು ನಿಂತಿರುತ್ತದೆ, ಕಾಲುವೆಯಲ್ಲಿ ಹರಿಯುತ್ತದೆ. ಇದು ನನಗೂ ಗೊತ್ತಿತ್ತು, ಕಾಕಾ ಅವರನ್ನು ಕೇಳಿಯೂ ಇದ್ದೆ.

“ದಿನಾ ಗೇಟು ಒಂದೇ ಅಳತಿಗೆ ಇಟ್ಟಿರ್ತೀನಿ,” ಎಂದಿದ್ದರು. “ನೀರಿನ ಪಾಲು ಕಳದೇ ಟೈಮ್ ಬರೀತೀನಿ. ಕಡಿಮಿ ಆತಂದ್ರ ಅದು ನಿನ್ನ ರಟ್ಟೀದು.”

ನನ್ನ ನೋಟ್‌ಬುಕ್ಕಿನಲ್ಲಿ, ಅವರ ಕೈಬರಹದಲ್ಲಿ, ಕಾಲುವೆಯ ಹನ್ನೆರಡು ಕಿಲೋಮೀಟರಿನ ಸಮಯ ವಾರದಿಂದ ವಾರಕ್ಕೆ ಇಳಿಯುತ್ತ ಮೂರು ತಾಸಿಗೆ ಬಂತು. ಸುರಪುರದಲ್ಲಿ ಕಂಡವರಿಗೆಲ್ಲ ಅದನ್ನು ತೋರಿಸಿದೆ.

ಜಲಾಶಯದಲ್ಲಿ ಐದು ತಾಸು ಮುಗಿದಾಗ ನಾನಿನ್ನೂ ಹತ್ತು ಕಿಲೋಮೀಟರ್ ದಾಟಿರಲಿಲ್ಲ. ದೋಣಿಗೆ ಎಳೆದುಕೊಂಡರು. ದೋಣಿಯಲ್ಲಿದ್ದ ಕಾಕಾ ಟವೆಲ್ ಹೊದಿಸಿದರು. ಮುಖ ನೋಡಲಿಲ್ಲ. ಅಥವಾ ನೋಡಿದರೇನೋ, ನಾನೇ ಕಣ್ಣು ಮುಚ್ಚಿದ್ದೆನೇನೋ.

ಊರಿಗೆ ಮರಳಿದ ಮೇಲೆ, ಅವರ ಜೊತೆ ಗೇಟಿನ ಕೆಲಸ ಮಾಡುವವನೊಬ್ಬ ಸಮಾಧಾನ ಹೇಳಲು ಬಂದ. “ನಿಂತ ನೀರಾಗ ಹಂಗೇ ಆಗ್ತದ, ಬಿಡವ್ವಾ. ಇಲ್ಲಿ ನೀ ಇಳಿಯೋ ಮುಂದ ನಿಮ್ಮ ಕಾಕಾ ನೀರು ಜೋರು ಹರೀಲಿ ಅಂತ ಗೇಟು ಎರಡು ಸುತ್ತು ಜಾಸ್ತಿ ಎತ್ತತಿದ್ದ.”

ಸೀದಾ ಗೇಟಿಗೆ ಹೋಗಿ ನೋಟ್‌ಬುಕ್ ಅವರ ಮುಂದೆ ಹಿಡಿದೆ. ಅವರು ಅಲ್ಲಗಳೆಯಲಿಲ್ಲ.

“ನಡುವ ಒಂದ್ ತಿಂಗಳು ನಿಂದು ಟೈಮ್ ಇಳೀಲೇ ಇಲ್ಲ. ನಾಳಿಂದ ಬರಂಗಿಲ್ರಿ ಅಂತ ಅತ್ತಿ. ಬಿಟ್ಟುಗಿಟ್ಟಿ ಅಂತ ಅಂಜಿ ಎತ್ತೀನಿ. ಆಮ್ಯಾಲ ಇಳಸಾಕ ಆಗಲಿಲ್ಲ.”

“ಯಾವ್ಯಾವ ದಿನ ಎತ್ತೀರಿ? ಗುರುತು ಹಾಕ್ರಿ.”

ಪೆನ್ನು ತೆಗೆದುಕೊಂಡರು. ಹಾಳೆ ತಿರುವಿದರು, ಹಿಂದಕ್ಕೆ, ಮುಂದಕ್ಕೆ. “ನೆನಪಿಲ್ಲವ್ವಾ,” ಎಂದು ಪೆನ್ನು ವಾಪಸು ಕೊಟ್ಟರು.

ರೇಸು ಸೋತಿದ್ದನ್ನು ಕ್ಷಮಿಸಿಯೇನು. ಪೆನ್ನು ವಾಪಸು ಕೊಟ್ಟಿದ್ದನ್ನು ಕ್ಷಮಿಸಲು ಆಗಿಲ್ಲ. ಅಷ್ಟು ತಿಂಗಳಲ್ಲಿ ನಾನು ಒಂದು ದಿನವಾದರೂ ನನ್ನ ತೋಳಿನಿಂದಲೇ ಮುಂದೆ ಹೋದೆನೇ ಎಂದು ತಿಳಿಯುವ ದಾರಿ ಅಲ್ಲಿಗೆ ಮುಚ್ಚಿತು. ಈಗ ನೆನಪಿನಲ್ಲಿ ಅವರು ಸದಾ ಚಕ್ರ ತಿರುಗಿಸುತ್ತ ನಿಂತಿರುತ್ತಾರೆ, ಕಳ್ಳನಗೆ ನಗುತ್ತ. ಅದು ಸುಳ್ಳು ಚಿತ್ರ. ಅವರು ಗೇಟು ಎತ್ತಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಆ ನಗೆಯನ್ನು ಸೇರಿಸಿದವಳು ನಾನೇ. ತೆಗೆಯಲು ಬರುತ್ತಿಲ್ಲ. ಈಜಿ ಮೇಲೆ ಬಂದಾಗ ಬೆಲ್ಲ, ಶೇಂಗಾ ಹಿಡಿದು ಚಾಚುತ್ತಿದ್ದ ಕೈಯೂ ಆ ಚಿತ್ರದಲ್ಲಿ ಚಕ್ರದ ಮೇಲೇ ಇರುತ್ತದೆ.

ಹೋದ ವರ್ಷ ಕಾಕಾ ತೀರಿಕೊಂಡರು. ಮಣ್ಣಿಗೆ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, ಅಲ್ಲಿ ಕುಳಿತಿದ್ದವರಿಗೆ ಹೇಳಿದರು: “ಇಕೀನೇ ನೋಡ್ರಿ, ಹನ್ನೆರಡು ಕಿಲೋಮೀಟರ್ ಮೂರು ತಾಸಿನಾಗ ಈಜಿದಾಕಿ. ಕಡೀತನಕಾ ಅದನ್ನೇ ಹೇಳ್ಕೋತ ಹ್ವಾದ್ರು. ಹೌದಲ್ಲವ್ವಾ?”

ಎಲ್ಲರೂ ನನ್ನ ಕಡೆ ನೋಡಿದರು.

“ಹೌದ್ರಿ,” ಎಂದೆ.