ತಳ್ಳುಗಾಡಿ ಮಾರದ ಅಂಗಡಿಯವರು

ಮಧುಗಿರಿಯಲ್ಲಿ ಮಕ್ಕಳ ಸಾಮಾನಿನ ಅಂಗಡಿ ಇಟ್ಟಿದ್ದ ಅವರು, ಏನು ಕೇಳಿದರೂ ಕನ್ನಡಕ ಹಣೆಗೇರಿಸಿ, "ಅದ್ಯಾಕ್ ಬುಡಿ ಸ್ವಾಮಿ" ಅನ್ನುತ್ತಿದ್ದರು. ಮಗಳು ಹುಟ್ಟಿದ ತಿಂಗಳಿಗೆ ನಾನು ಮಗುವನ್ನು ಮಲಗಿಸಿಕೊಂಡು ಹೋಗುವ ತಳ್ಳುಗಾಡಿಯೇ ಬೇಕೆಂದು ಅವರ ಮುಂದೆ ಹಟ ಹಿಡಿದೆ.

"ಯಾವೂರು?"

"ಐ.ಡಿ.ಹಳ್ಳಿ."

ನಮ್ಮೂರ ಜಲ್ಲಿ ರಸ್ತೆ ಬಲ್ಲ ಅವರು, ತಮ್ಮ ಮನೆಗೆಂದು ತಂದಿಟ್ಟಿದ್ದ ಪುಟ್ಟ ಅಕ್ಕಿ ಚೀಲವನ್ನು ಗಾಡಿಯಲ್ಲಿ ಮಲಗಿಸಿ, "ರಸ್ತೇಲಿ ಒಂದ್ ಸುತ್ತು ತಳ್ಕಂಡ್ ಬನ್ನಿ" ಅಂದರು. ಹತ್ತು ಹೆಜ್ಜೆಗೆ ಚಕ್ರ ಜಲ್ಲಿಗೆ ಸಿಕ್ಕಿ ಚೀಲ ಕೆಳಕ್ಕುರುಳಿತು. ಟೀ ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ಇವರು ನಗಲಿಲ್ಲ.

ನಾನು ಚೀಲದ ಮೂಲೆ ಹಿಡಿದು ಎತ್ತಹೋದೆ.

"ಅಂಗಲ್ಲ ಸ್ವಾಮಿ. ಒಂದ್ ಕೈ ಕತ್ತಿನ ಕೆಳ್ಗೆ, ಇನ್ನೊಂದು ಕುಂಡಿ ಕೆಳ್ಗೆ. ಎದೆಗೆ ಒತ್ಕಳಿ."

ಬೀಳಿಸಿಬಿಡುತ್ತೇನೆಂಬ ಭಯಕ್ಕೆ ನಾನು ಅದುವರೆಗೆ ಮಗಳನ್ನು ಎತ್ತಿಯೇ ಇರಲಿಲ್ಲ. ಬರೀ ಸೊಳ್ಳೆಪರದೆ ಕೊಂಡು ಮನೆಗೆ ಹೋದವನು ಕೈಕಾಲು ತೊಳೆದು ಅವಳನ್ನು ಎತ್ತಿಕೊಂಡೆ. ಅವಳು ನಿಧಾನವಾಗಿ ನನ್ನ ಅಂಗಿ ಒದ್ದೆ ಮಾಡಿದಳು.